ಕಲಕದ ನೀರಿನ ಸಂಘಪಾಲ

ಸಂಘಪಾಲ ಒಣನೆಲದ ಮೇಲೂ ನೀರಿನೊಳಗೆ ನಡೆದ ಹಾಗೆ ನಡೆಯುತ್ತಿದ್ದ. ಮೊದಲು ಹಿಮ್ಮಡಿ ಎತ್ತಿ, ಕೊನೆಗೆ ಬೆರಳು ಬಿಡಿಸಿಕೊಂಡು, ಪಾದವನ್ನು ಮೇಲಿನಿಂದ ನೇರವಾಗಿ ಇಳಿಸಿ, ಅದು ನೆಲಕ್ಕೆ ತಾಗಿದ ಮೇಲೂ ಒಂದು ಕ್ಷಣ ತಡೆದು, ಆಮೇಲಷ್ಟೇ ಮೈಯ ಭಾರವನ್ನು ಅದರ ಮೇಲೆ ಬಿಡುತ್ತಿದ್ದ. ಬೀದರಿನ ರೈಲು ನಿಲ್ದಾಣದಿಂದ ಕಾಲೇಜಿಗೆ ಬರುವ ಕೆಂಪು ಮಣ್ಣಿನ ಅಡ್ಡದಾರಿಯಲ್ಲಿ ಬೇಸಿಗೆಯಲ್ಲಿ ಯಾರು ನಡೆದರೂ ಬೆನ್ನ ಹಿಂದೆ ಮೊಳಕಾಲೆತ್ತರ ಧೂಳೇಳುತ್ತದೆ. ಇವನ ಹಿಂದೆ ಏಳುತ್ತಿರಲಿಲ್ಲ. ವಿದ್ಯಾರ್ಥಿಗಳು ಅವನಿಗೆ ಕೊಕ್ಕರೆಯೆಂದು ಹೆಸರಿಟ್ಟಿದ್ದರು. ಪ್ರಾಣಿಶಾಸ್ತ್ರದ ಅಧ್ಯಾಪಕಿ ಎಮಿಲಿ ಮಾತ್ರ ಇದು ಮಂಡಿನೋವೇ ಇರಬೇಕೆಂದು, ನರ್ಸಾಗಿದ್ದ ತನ್ನ ತಂಗಿ ಅನುಗ್ರಹಳ ಕಡೆಯಿಂದ ಮುಲಾಮು ತರಿಸಿಕೊಟ್ಟಳು. ಅವನು ಅದನ್ನು ಎರಡೂ ಕೈಯಿಂದ ಇಸಿದುಕೊಂಡ.

"ಮಂಡಿ ಬಿಲ್ಕುಲ್ ಚೊಲೊ ಅದರಿ ಮೇಡಂ. ಇದು ರೂಢಿ ಮಾಡ್ಕೊಳ್ಳಿಕ್ಹತ್ತೀನಿ. ತಳದಾಗಿನ ರಾಡಿ ಏಳಬಾರದು, ಅದಕ್ಕ."

ಮುಲಾಮನ್ನು ಮಾತ್ರ ಹಿಂದಿರುಗಿಸಲಿಲ್ಲ; ಭಾಲ್ಕಿಯಲ್ಲಿ ಹೆಂಡತಿ ಆಮ್ರಪಾಲಿಯ ಬೆನ್ನಿಗೆ ಹಚ್ಚಿದರೆ ಉಪಯೋಗವಾಯಿತೆಂದು ಮರುವಾರ ಬಂದು ವರದಿ ಒಪ್ಪಿಸಿದ. ಎಷ್ಟು ದಿನಕ್ಕೆ ಎಷ್ಟು ನೋವು ಇಳಿಯಿತು ಎಂಬುದೂ ಆ ವರದಿಯಲ್ಲಿತ್ತು.

ಇಪ್ಪತ್ತನಾಲ್ಕು ವರ್ಷದಿಂದ ಅವನು ಆ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸಹಾಯಕ. ತಾನೂ ವಿಜ್ಞಾನದ ಪದವಿ ಮುಗಿಸಿದವನೆಂದು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಪದವಿ ಇದ್ದೂ ಗಾಜು ತೊಳೆಯುವ ಕೆಲಸಕ್ಕೆ ಬಂದದ್ದನ್ನು ಅವಮಾನವೆಂದೂ ಎಣಿಸಿದವನಲ್ಲ. ಖಾಕಿಗೂ ಬೂದಿಗೂ ನಡುವಣ ಬಣ್ಣದ ಕೋಟೊಂದನ್ನು ಋತುಮಾನ ನೋಡದೆ ತೊಟ್ಟಿರುತ್ತಿದ್ದ. ಅದರ ಬಲಜೇಬಿನಲ್ಲಿ ಆರಂಗುಲದ ಉಕ್ಕಿನ ಅಳತೆಪಟ್ಟಿ, ಎಡಜೇಬಿನ ತುಂಬ ಚಪ್ಪಲಿ ಅಂಗಡಿಯವರು ಡಬ್ಬಿ ತೆರೆದಾಗ ಎಸೆಯುವ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣಗಳು. ಭಾಲ್ಕಿಯ ರೈಲು ಇಳಿದು ಕಾಲೇಜಿಗೆ ಬರುವ ಮುನ್ನ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಓಣಿಯ ಮೂರು ಅಂಗಡಿಗಳಲ್ಲಿ ಇವನ್ನು ಬೇಡಿ ತರುತ್ತಿದ್ದ. ಹಮಾಲರು ಇವನಿಗೆ ದಾರಿ ಬಿಡುತ್ತ "ಪುಡಿಯಾವಾಲೆ ಸಾಹೇಬರು ಬಂದ್ರು, ಸರೀರಿ" ಎಂದು ನಗುತ್ತಿದ್ದರು. ಮಾತಿನಲ್ಲಿ ಅವನದೊಂದು ಹಟವಿತ್ತು: ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಡುತ್ತಿರಲಿಲ್ಲ. "ನೋಡಿ ಹೇಳ್ತೇನಿ" ಎನ್ನುತ್ತಿದ್ದ, ಮತ್ತು ನಿಜಕ್ಕೂ ಹೋಗಿ ನೋಡಿ ಬರುತ್ತಿದ್ದ. ಹೊರಗೆ ಮಳೆ ಇದೆಯೇ ಎಂದರೆ ಕಿಟಕಿಯವರೆಗೆ ಹೋಗುವನು. ಪ್ರಾಚಾರ್ಯರೊಮ್ಮೆ ಹಾದುಹೋಗುತ್ತ "ಏನಪಾ, ಆರಾಮ?" ಎಂದದ್ದಕ್ಕೆ ನಿಂತು ಯೋಚಿಸಿ, ಅವರು ಮೆಟ್ಟಿಲಿಳಿದು ಹೋದ ಮೇಲೆ ಹಿಂದೆ ಹೋಗಿ "ಆರಾಮ ಇದ್ದೀನ್ರಿ ಸರ್, ಜರಾ ನಿದ್ದಿ ಕಮ್ಮಿ" ಎಂದು ಹೇಳಿ ಬಂದಿದ್ದ.

ಕಪ್ಪೆ ಸೀಳುವುದು ಪಠ್ಯದಲ್ಲಿದ್ದ ಕಾಲದಲ್ಲಿ, ಕೈ ನಡುಗುವ ವಿದ್ಯಾರ್ಥಿಗಳ ಪರವಾಗಿ ಕಪ್ಪೆಯ ತಲೆಗೆ ಸೂಜಿ ಇಳಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಅವನ ಕೈ ನಡುಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ನಿಯಮ ಬದಲಾಗಿ ಆ ಪಾಠ ನಿಂತ ದಿನ ಮೇಣದ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಬೋರಲು ಹಾಕಿದ. ಅಂದಿನಿಂದ ಭಾಲ್ಕಿಯ ಬೌದ್ಧ ವಿಹಾರದಲ್ಲಿ ಭಾನುವಾರದ ಪಂಚಶೀಲ ಹೇಳುವಾಗ ಪ್ರಾಣಿಹಿಂಸೆಯಿಂದ ದೂರವಿರುವೆನೆಂಬ ಮೊದಲನೆಯ ಶೀಲದ ಹತ್ತಿರ ಅವನ ದನಿ ಉಳಿದವರಿಗಿಂತ ತುಸು ಹಿಂದೆ ಬೀಳುತ್ತಿತ್ತೆಂದು ಆಮ್ರಪಾಲಿ ಎಮಿಲಿಗೆ ಹೇಳಿದ್ದಳು. ಇಗರ್ಜಿಯಲ್ಲಿ ಪಾಪನಿವೇದನೆಯ ಪ್ರಾರ್ಥನೆ ಬಂದಾಗ ತನ್ನ ತಂದೆಯ ದನಿಯೂ ಹೀಗೆಯೇ ತಡವಾಗುತ್ತಿದ್ದುದನ್ನು ಕೇಳಿ ಬೆಳೆದ ಎಮಿಲಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನ ಹುಟ್ಟೂರು ಔರಾದ ದಾಟಿ ಮಹಾರಾಷ್ಟ್ರದ ಗಡಿಗೆ ಒರಗಿಕೊಂಡ ಸಣ್ಣ ಹಳ್ಳಿ. ಊರಬಾವಿಗೆ ಕೊಡ ಇಳಿಸಗೊಡದಿದ್ದ ಕಾಲದಲ್ಲಿ ಕೇರಿಯವರೇ ಕೂಡಿ ತೋಡಿದ ಬಾವಿಯೊಂದು ಅಲ್ಲಿತ್ತು. ಸಂಘಪಾಲನ ಅಜ್ಜ ಅದಕ್ಕಾಗಿ ಹನ್ನೊಂದು ತಿಂಗಳು ಕರಿಗಲ್ಲು ಒಡೆದಿದ್ದನಂತೆ. ಇಪ್ಪತ್ತೆಂಟು ಮೆಟ್ಟಿಲು, ಇಪ್ಪತ್ತೊಂದರಿಂದಾಚೆ ನೀರು, ನೀರಿನ ಕೆಳಗೆ ಬಂಡೆಯಲ್ಲೊಂದು ಅಡ್ಡಬಿರುಕು. ಮನೆಮನೆಗೆ ನಳ ಬಂದ ಮೇಲೆ ಅದರ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಒಬ್ಬ ಹುಡುಗಿ ಪಾಚಿಗೆ ಜಾರಿ ಕಾಲು ಮುರಿದುಕೊಂಡ ಮೇಲೆ ಬಾವಿ ಮುಚ್ಚಿ ಆ ಜಾಗದಲ್ಲಿ ಮಕ್ಕಳು ಕೂತು ಓದಲು ವಾಚನಾಲಯ ಕಟ್ಟಬೇಕೆಂದು ಕೇರಿಯ ಸಮಿತಿ ಠರಾವು ಮಾಡಿತು. ಸಮಿತಿಯ ಮುಖ್ಯಸ್ಥ ನಿವೃತ್ತ ಮಾಸ್ತರ ಗೋರಖನಾಥ, ಸಂಘಪಾಲನ ಚಿಕ್ಕಪ್ಪ. ಊರಿಂದ ಹೊರಗಿದ್ದು ನೌಕರಿ ಮಾಡುವವರಲ್ಲಿ ಆ ಠರಾವಿಗೆ ಮೊದಲು ಸಹಿ ಹಾಕಿದವನು ಸಂಘಪಾಲನೇ.

ಸಹಿ ಹಾಕಿದ ಎರಡು ತಿಂಗಳಿಗೆ, ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ಆ ಬಾವಿಯ ಪಾಚಿಯನ್ನು ಬಾಟಲಿಗೆ ತುಂಬಿಕೊಂಡಾಗ ಅವನಿಗೆ ಅದು ಕಂಡಿತು. ಕುಸುಬಿ ಕಾಳಿನಷ್ಟು ಉದ್ದ, ಕುಸುಬಿ ಕಾಳಿನಷ್ಟೇ ಬಿಳುಪು, ಸಿಗಡಿಯ ದೂರದ ಬಳಗದ ಹಾಗೆ ಸಾಲುಗಾಲು, ತಲೆಯಿರುವಲ್ಲಿ ಕಣ್ಣಿಲ್ಲ. ಬಂಡೆಯೊಳಗಿನ ಕತ್ತಲೆಯಲ್ಲಿ ಎಷ್ಟೋ ಸಾವಿರ ವರ್ಷ ಇದ್ದು ಕಣ್ಣು ಬೇಡವೆನಿಸಿಕೊಂಡ ಜೀವ. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಔರಾದಿನಿಂದ ಭಾಲ್ಕಿಯ ಬಸ್ಸು ಹತ್ತಿದ. ಮನೆ ಮುಟ್ಟುವಷ್ಟರಲ್ಲಿ ಅದು ಸತ್ತಿತ್ತು; ಮರುದಿನ ಬೀದರಿಗೆ ತರುವಷ್ಟರಲ್ಲಿ ಕರಗಿ ನೂಲಿನೆಳೆಯಾಗಿತ್ತು. ಮುಂದಿನ ಭಾನುವಾರ ಬಾವಿಯ ಮೆಟ್ಟಿಲ ಮೇಲೆಯೇ ಸ್ಟೀಲಿನ ಬಟ್ಟಲಲ್ಲಿ ಅದೇ ಬಾವಿಯ ನೀರು ಹಾಕಿ ಇನ್ನೊಂದನ್ನು ಬಿಟ್ಟು ನೋಡಿದ. ಬೆಳಕಿಗೋ ಬಿಸಿಗೋ, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಅದರ ಕಾಲಾಟ ನಿಂತಿತು. ಬಟ್ಟಲನ್ನು ಹಾಗೆಯೇ ನೀರಿಗೆ ಬೋರಲು ಹಾಕಿ ಬಂದ.

"ಸ್ಪಿರಿಟಿನ್ಯಾಗ ಹಾಕಿ ತರಬೇಕಿತ್ತಲ್ಲ!" ಎಂದು ಎಮಿಲಿ ಹಣೆ ಚಚ್ಚಿಕೊಂಡಳು.

"ಸತ್ತ ಮ್ಯಾಲ ನೆನಪಾತರಿ. ಸಾಯೂಕಿಂತ ಮೊದಲು ನೆನಪಾಗಿದ್ರ ಹಾಕ್ತಿದ್ದಿಲ್ರಿ."

"ಹೋಗ್ಲಿ, ಇನ್ನೊಂದು ತರ್ತೀರಿಲ್ಲೊ?"

ಅಂದು ಮಾತ್ರ ಅವನು ನೋಡಿ ಹೇಳುತ್ತೇನೆ ಎನ್ನಲಿಲ್ಲ. "ಇಲ್ರಿ ಮೇಡಂ. ನಮ್ಮೂರ ಮಂದಿ ಇಬ್ಬರು ಹೋದ್ರು. ಮೂರನೇದವ ನನ್ನ ಕೈಲೆ ಹೋಗಂಗಿಲ್ಲ" ಎಂದ. ಆ ಜೀವಿಗಳನ್ನು ಅವನು ಮುಂದೆಯೂ ನಮ್ಮೂರ ಮಂದಿ ಎಂದೇ ಕರೆದ. ತಮಾಷೆಗೆ ಕರೆಯುತ್ತಿರಲಿಲ್ಲ.

ನೆಲದಡಿಯ ನೀರಿನ ಜೀವಿಗಳನ್ನು ಬಲ್ಲ ದೂರದೂರಿನ ತಜ್ಞರೊಬ್ಬರಿಗೆ ಎಮಿಲಿ ಪತ್ರ ಬರೆದಳು. ಉತ್ತರ ಬಂತು, ಸ್ಪಷ್ಟವಾಗಿಯೇ ಬಂತು: ಒಂದು ಜೀವಿಯನ್ನು ಸ್ಪಿರಿಟಿನಲ್ಲಿಟ್ಟು ಕಳಿಸಿರಿ, ಇಲ್ಲವೇ ಬಾಲದ ತುದಿಯ ಮುಳ್ಳುಗಳನ್ನು ಎಣಿಸಬಹುದಾದಷ್ಟು ಚೊಕ್ಕಟವಾದ ಫೋಟೋ ಕಳಿಸಿರಿ, ನಾಲ್ಕಿದ್ದರೆ ಗೊತ್ತಿದ್ದ ಕುಲ, ಐದಿದ್ದರೆ ಯಾರೂ ಕಂಡಿರದದ್ದು, ಹೊಸದಾದರೆ ಆ ಬಾವಿಯನ್ನು ಉಳಿಸಿರೆಂದು ನಾನೇ ಕಾಗದ ಬರೆದುಕೊಡುತ್ತೇನೆ. ಗೋರಖನಾಥ ಮಾಸ್ತರರೂ ಇದಕ್ಕೆ ಒಪ್ಪಿದರು. "ಕಾಗದ ತಾ, ವಾಚನಾಲಯ ಬ್ಯಾರೆ ಕಡಿ ಕಟ್ಟೋಣು. ಆದ್ರ ಹೆಸರಿಲ್ಲದ ಹುಳಕ್ಕ ನಾ ಹುಡುಗರ ಅಭ್ಯಾಸ ನಿಂದರಸಂಗಿಲ್ಲ. ಮುಂದಿನ ಬ್ಯಾಸಗಿ ತನಕ ಟೈಮ್ ಕೊಟ್ಟೀನಿ, ನೋಡು." ಹೀಗೆ ಒಂದು ಬಾವಿಯ ಅಳಿವು ಉಳಿವು ಕೂದಲಿನ ನಾಲ್ಕರಲ್ಲೊಂದು ಪಾಲು ದಪ್ಪದ ಮುಳ್ಳುಗಳ ಎಣಿಕೆಗೆ ಬಂದು ನಿಂತಿತು. ಮುಳ್ಳುಗಳನ್ನು ಅವು ಬದುಕಿರುವಾಗಲೇ, ಅವುಗಳ ನೀರಿನಲ್ಲಿಯೇ ಎಣಿಸುತ್ತೇನೆಂದು ಸಂಘಪಾಲ ನಿಶ್ಚಯಿಸಿದ.

ಅನುಗ್ರಹಳ ಕಪಾಟಿನಲ್ಲಿ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಬಿದ್ದಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಫೋನು ಈ ಕೆಲಸಕ್ಕೆ ಬಾರದು. ನೀರಿನೊಳಗೆ ಅದರ ಗಾಜು ಬೆರಳಿನ ಮಾತು ಕೇಳುವುದಿಲ್ಲ. ಕ್ಯಾಮೆರಾಕ್ಕಾದರೆ ಒತ್ತುವ ಗುಂಡಿಯಿದೆ. ಅದಕ್ಕೆ ಹೊಂದುವ ಪ್ಲಾಸ್ಟಿಕ್ಕಿನ ನೀರುಕವಚ ಎಲ್ಲಿಂದಲೋ ಯಾರೋ ಬಳಸಿ ಬಿಟ್ಟದ್ದು ಅಂಚೆಯಲ್ಲಿ ಬಂತು, ಒಂದು ಕೊಂಡಿ ಮುರಿದಿತ್ತು. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ. ಕವಚದ ರಬ್ಬರಿನ ಉಂಗುರವನ್ನು ಪ್ರತಿಸಲವೂ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದು ಕೂದಲೆಳೆಯೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಮೇಣದಂಥ ಜಿಡ್ಡು ತೆಳುವಾಗಿ ಸವರುವನು. ತಣ್ಣೀರಿನಲ್ಲಿ ಕವಚದೊಳಗೆ ಮಂಜು ಕಟ್ಟದಂತೆ ಚಪ್ಪಲಿ ಅಂಗಡಿಯ ಹರಳುಗಳನ್ನು ತವೆಯ ಮೇಲೆ ಹುರಿದು ಒಳಗಿಡುವನು. ಎರಡು ತವೆ ಹೋದವೆಂದು ಆಮ್ರಪಾಲಿ ಕಾಲೇಜಿನವರೆಗೂ ಬಂದು ದೂರಿದ್ದಳು: "ರೊಟ್ಟಿ ಬ್ಯಾಡಂತರಿ ಇವರಿಗಿ, ಕಲ್ಲು ಹುರದು ತಿಂತಾರ."

ಮೊದಲ ಐದು ತಿಂಗಳು ಏನೂ ಬರಲಿಲ್ಲ. ಕ್ಯಾಮೆರಾದ ಮಿಂಚನ್ನು ಹಾಕಿದರೆ ನೀರಿನಲ್ಲಿ ತೇಲುವ ಪ್ರತಿ ಕಣವೂ, ಎದುರು ಬಿಸಿಲಿಗೆ ಜೋಳ ತೂರುವಾಗ ಹೊಟ್ಟು ಹೊಳೆದ ಹಾಗೆ, ಚಿತ್ರದ ತುಂಬ ಹೊಳೆಯುತ್ತಿತ್ತು. ಮಿಂಚನ್ನು ಬಿಟ್ಟು ಪಕ್ಕದಿಂದ ಬ್ಯಾಟರಿ ಹಿಡಿದ. ದೂರದಿಂದ ದೊಡ್ಡದು ಮಾಡಿ ತೆಗೆದರೆ ನಡುವಿನ ನೀರೇ ಚಿತ್ರವನ್ನು ನುಂಗುತ್ತದೆ. ಆದ್ದರಿಂದ ಲೆನ್ಸನ್ನು ಪೂರಾ ಅಗಲಕ್ಕಿಟ್ಟು, ಹತ್ತಿರದ ಚಿತ್ರಕ್ಕಿರುವ ಹೂವಿನ ಗುರುತಿಗೆ ತಿರುಗಿಸಿ, ಮೈಯನ್ನೇ ಹತ್ತಿರ ಒಯ್ಯಬೇಕು. ಎಷ್ಟು ಹತ್ತಿರ? ಪ್ರಯೋಗಾಲಯದ ತೊಟ್ಟಿಯಲ್ಲಿ ಅಳತೆಪಟ್ಟಿ ಮುಳುಗಿಸಿ ಇನ್ನೂರು ಸಲ ತೆಗೆದು ಕಂಡುಕೊಂಡ: ಕವಚದ ಗಾಜಿನಿಂದ ಏಳು ಸೆಂಟಿಮೀಟರು. ಅರ್ಧ ಸೆಂಟಿಮೀಟರು ಆಚೀಚೆಯಾದರೂ ಮಸುಕು. ಸೈಕಲ್ಲಿನ ಒಂದು ಕಡ್ಡಿಯನ್ನು ಸರಿಯಾಗಿ ಅಷ್ಟೇ ಉದ್ದಕ್ಕೆ ಕತ್ತರಿಸಿ ಕವಚಕ್ಕೆ ಕಟ್ಟಿದ. ಗುಂಡಿಯನ್ನು ಅರ್ಧ ಒತ್ತಿ ಕಡ್ಡಿಯ ತುದಿಗೆ ನೋಟವನ್ನು ನಿಲ್ಲಿಸಿಕೊಂಡು, ಆಮೇಲೆ ಕಾಯುವುದು. ನಮ್ಮೂರ ಮಂದಿಯಲ್ಲೊಬ್ಬರು ತಾವಾಗಿ ಆ ತುದಿಗೆ ಬಂದಾಗ ಪೂರ್ತಿ ಒತ್ತುವುದು. ಬೆನ್ನಟ್ಟುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ತಳದ ರಾಡಿ ಎಬ್ಬಿಸುವ ಹಾಗಿಲ್ಲ.

ಪ್ರತಿ ಭಾನುವಾರ ವಿಹಾರ ಮುಗಿಸಿ ಎರಡು ಬಸ್ಸು ಬದಲಿಸಿ ಊರಿಗೆ ಹೋಗಿ, ಇಪ್ಪತ್ತನಾಲ್ಕನೆಯ ಮೆಟ್ಟಿಲಿನ ಮೇಲೆ ನೀರಿನೊಳಗೆ ಕೂರುತ್ತಿದ್ದ. ಮೈ ತೇಲಿ ಬರದಂತೆ ಮುರಿದ ಬೀಸುಕಲ್ಲಿನ ಅರ್ಧಹೋಳು ತೊಡೆಯ ಮೇಲೆ. ಮೊದಲು ಮೂವತ್ತು ಸೆಕೆಂಡು ಉಸಿರು ಹಿಡಿಯುತ್ತಿದ್ದವನು ಐವತ್ತೊಂದನೆಯ ವಯಸ್ಸಿನಲ್ಲಿ ಎರಡು ನಿಮಿಷದ ಹತ್ತಿರ ಬಂದ. ಸೋಮವಾರ ಬೆಳಿಗ್ಗೆ ಎಮಿಲಿ "ಬಂತೇನ್ರಿ?" ಎಂದು ಕೇಳುವಳು. ಅವನು ಕ್ಯಾಮೆರಾವನ್ನು ಅವಳ ಮುಂದಿಟ್ಟು ಪಕ್ಕಕ್ಕೆ ನಿಲ್ಲುವನು. ಸೈಕಲ್ ಕಡ್ಡಿಯ ತುದಿ ಅದರ ತುಕ್ಕಿನ ಕಣಗಳನ್ನೂ ಎಣಿಸುವಷ್ಟು ಚೊಕ್ಕಟವಾಗಿ ಬಂದಿರುತ್ತಿತ್ತು. ಅದರ ಪಕ್ಕದಲ್ಲಿ, ಬಂದು ಹೊರಟುಹೋದ ಬಿಳಿಯದೊಂದು ಮಸುಕು.

ಫೆಬ್ರವರಿಯಲ್ಲಿ ಎಮಿಲಿ ತಾನೂ ಹೋದಳು. ಅವಳ ಕೈಚೀಲದಲ್ಲಿ ಟೀ ಸೋಸುವ ಜಾಳಿಗೆಯಷ್ಟು ಸಣ್ಣ ಬಲೆಯೂ ಸ್ಪಿರಿಟು ತುಂಬಿದ ಬೆರಳುದ್ದದ ಸೀಸೆಯೂ ಇದ್ದವು. ಸಂಘಪಾಲ ಮುಳುಗಿದ್ದ. ಇಪ್ಪತ್ತೆರಡನೆಯ ಮೆಟ್ಟಿಲಿನ ನೆರಳಿನಲ್ಲಿ, ಗೇಣು ನೀರಿನ ಕೆಳಗೆ, ನಾಲ್ಕು ಬಿಳಿಯ ಕಾಳುಗಳು ಅವಳ ಕೈಯಳತೆಯಲ್ಲಿಯೇ ಸರಿದಾಡುತ್ತಿದ್ದವು. ಒಂದೇ ಒಂದು ಸಲ ಕೈ ಅದ್ದಿದ್ದರೆ ಬಾವಿ ಉಳಿಯುತ್ತಿತ್ತು. ಅವಳು ಸೀಸೆಯ ಮುಚ್ಚಳ ತಿರುಗಿಸಿದಳು. ಆ ಹೊತ್ತಿಗೇ ಸಂಘಪಾಲನ ತಲೆ ಮೇಲೆ ಬಂತು. ಅವನು ಬಲೆಯನ್ನು ನೋಡಿದ, ಸೀಸೆಯನ್ನು ನೋಡಿದ, ಮುಖದ ನೀರು ಒರೆಸಿಕೊಂಡ.

"ನೀರು ಬಾಳ ತಣ್ಣಗವರಿ ಮೇಡಂ, ಕೈ ಹಾಕಬ್ಯಾಡ್ರಿ. ನಿಮಗ ಮೊದಲೇ ನೆಗಡಿ ಅದ."

ಅವಳಿಗೆ ನೆಗಡಿ ಇರಲಿಲ್ಲ. ಮುಚ್ಚಳ ಬಿಗಿದು ಸೀಸೆಯನ್ನು ಚೀಲಕ್ಕೆ ಹಾಕಿದಳು. ವಿಜ್ಞಾನ ಕಲಿಸುವವಳು ಮಾಡಬೇಕಾದದ್ದು ಯಾವುದೆಂದು ಅವಳಿಗೆ ಗೊತ್ತಿತ್ತು. ಆ ಮನುಷ್ಯನ ಎದುರು ಅದನ್ನು ಮಾಡಲಾಗಲಿಲ್ಲ, ಅಷ್ಟೆ. ಹಿಂದಿರುಗುವ ಬಸ್ಸಿನಲ್ಲಿ ಅವನು ಅವಳಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದ.

ಮೇ ತಿಂಗಳು ಬಂತು. ಮಳೆಗೆ ಮುಂಚೆ ಪಾಯ ಆಗಬೇಕು, ಮಣ್ಣು ಎಳೆಯುವ ಯಂತ್ರಕ್ಕೆ ಹೇಳಿಯಾಗಿದೆ ಎಂದು ಗೋರಖನಾಥರಿಂದ ಸುದ್ದಿ ಬಂತು. ಸಂಘಪಾಲ ರಜೆ ಹಾಕಿ ಹೋದ. ಕಾಲೇಜಿಗೆ ಬೇಸಿಗೆ ರಜೆಯಿದ್ದುದರಿಂದ ಎಮಿಲಿಯೂ ಜೊತೆಗೆ ಹೋದಳು. ಚಿಕ್ಕಪ್ಪನ ಅಂಗಳದಲ್ಲಿ ಕೂತು ಅವನು ಎಂಟು ದಿನ ಕೇಳಿದ.

"ಹುಳದ ಫೋಟೋಕ್ಕ ಎಂಟ ದಿನಾ? ನನ್ನ ಮದಿವಿ ಫೋಟೋ ಅರ್ಧಾ ತಾಸಿನ್ಯಾಗ ಮುಗದಾವೋ!"

"ನಿಮ್ಮ ಮದಿವ್ಯಾಗ ಕಾಕಿ ಓಡಾಡ್ತಿದ್ದಿಲ್ಲಲ್ರಿ ಕಾಕಾ."

"ಓಡಿ ಹೋಗಿದ್ರ ಚೊಲೊ ಇತ್ತು," ಎಂದಳು ಒಳಗಿನಿಂದ ಮಾಸ್ತರರ ಹೆಂಡತಿ ಶಾಲುಬಾಯಿ, "ಈ ಮಾಸ್ತರನ ಪಾಠ ಕೇಳೂದು ತಪ್ಪತಿತ್ತು." ಚಹಾ ತಂದಿಟ್ಟು ಗಂಡನ ಕಡೆ ತಿರುಗಿದಳು. "ಕೊಡ್ರಿ ಅವಗ ಟೈಮು. ಅಜ್ಜ ತೋಡಿದ ಬಾವಿ. ನಾ ಈ ಮನಿಗಿ ಬಂದ ದಿನ ಮೊದಲನೇ ಕೊಡಾ ಅಲ್ಲೇ ಜಗ್ಗೀನಿ."

ನಾಲ್ಕು ದಿನಕ್ಕೆ ಮಾತಾಯಿತು. ಆದರೆ ಕೆಲಸದವರು ಆಗಲೇ ಬಾವಿಯ ಕಟ್ಟೆಯ ಕಲ್ಲುಗಳನ್ನು ಕಿತ್ತಿದ್ದರು. ಮಣ್ಣು ಉದುರಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೂರು ದಿನ ಅವನು ಇಳಿದ, ಮೂರು ದಿನವೂ ಕಡ್ಡಿಯ ತುದಿಯೇ ಕಾಣಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಚಳಿಗೆ ತುಟಿ ನೀಲಿಗಟ್ಟಿ ಮೇಲೆ ಬಂದವನು ಶಾಲುಬಾಯಿ ಕೊಟ್ಟ ಬಿಸಿ ಅಂಬಲಿ ಕುಡಿಯುತ್ತ ಹೇಳಿದ: "ನೀರು ತಿಳಿ ಇಲ್ಲ ಕಾಕಿ. ತಿಳಿ ಆದ್ರ ನನಗ ಒಂದೇ ತಾಸು ಸಾಕು." ಅದು ದೂರಲ್ಲ, ಬೇಡಿಕೆಯಲ್ಲ; ಅವನ ಎಂದಿನ ರೀತಿಯ ಒಂದು ಅಳತೆಯ ಮಾತು. ಶಾಲುಬಾಯಿ "ಹೌದನಾ?" ಎಂದು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಎಮಿಲಿಯೂ ಅವನೂ ಹಿಂದಿನ ಎರಡು ದಿನದ ಹಾಗೆಯೇ ಸಂಜೆಯ ಬಸ್ಸಿಗೆ ಔರಾದಿಗೆ ಬಂದು ಅಲ್ಲಿಯೇ ಪರಿಚಯದವರ ಮನೆಗಳಲ್ಲಿ ಉಳಿದರು.

ಕೊನೆಯ ದಿನ ಬೆಳಿಗ್ಗೆ ಬಂದರೆ ನೀರು ಗಾಜು. ಹದಿನಾಲ್ಕು ತಿಂಗಳಲ್ಲಿ ಹಾಗೆ ಎಂದೂ ಕಂಡಿರಲಿಲ್ಲ. ಇಪ್ಪತ್ತೆಂಟನೆಯ ಮೆಟ್ಟಿಲಿನ ಉಳಿಯ ಗಾಯಗಳು ಮೇಲಿನಿಂದಲೇ ಕಾಣುತ್ತಿದ್ದವು. ಸಂಘಪಾಲನ ಮುಖ ಅರಳಿದ ರೀತಿಯನ್ನು ಎಮಿಲಿ ಆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ನೀರು ಕುಂತದರಿ ಮೇಡಂ!" ಎಂದು ಕೋಟು ಕಳಚಿ, ಎಂದೂ ಅವಸರ ಮಾಡದವನು ಅವಸರದಲ್ಲಿ ಕವಚ ಬಿಗಿದು, ಬೀಸುಕಲ್ಲಿನ ಹೋಳು ಎತ್ತಿಕೊಂಡು ಇಳಿದ. ಎಮಿಲಿ ಹಿಂದೆಯೇ ಇಳಿಯುತ್ತಿದ್ದಳು. ಹದಿನೈದನೆಯ ಮೆಟ್ಟಿಲಿನ ಹತ್ತಿರ ಅವಳ ಮೂಗಿಗೆ ಆ ವಾಸನೆ ಬಂತು. ತಾಯಿ ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳ ಸೀರೆಯಲ್ಲಿರುತ್ತಿದ್ದ, ವಾರ್ಡಿನ ನೆಲ ತೊಳೆದ ವಾಸನೆ. ಕೂಗಬೇಕೆಂದುಕೊಂಡಳು. ಅವನು ಮುಳುಗಿಯಾಗಿತ್ತು.

ಬಾವಿಯ ಮೇಲೆ ಶಾಲುಬಾಯಿ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಹ್ಯಾಂಗ ಆಗ್ಯಾದ ಮೇಡಂ ನೀರು? ನಿನ್ನಿ ನೀವು ಹೋದ ಮ್ಯಾಲ ರಾಡಿ ಕುಂದರ್ಲಿ ಅಂತ ನಾಕ ಕಿಲೋ ಫಟಕಡಿ ಬಟ್ಯಾಗ ಕಟ್ಟಿ ಇಳಿಬಿಟ್ಟು ತಿರುವೀನ್ರಿ. ಭುಜಾ ಹೋದವು. ಮತ್ತ ನಳದ ಟಾಕಿಗಿ ಹಾಕೂ ಬಿಳಿ ಪುಡಿ ಇತ್ತಲ್ಲ, ಅದು ಎರಡು ಬೊಗಸಿ. ನಾವು ಕುಡೀತಿದ್ದಾಗ ದವಾಖಾನಿಯವರು ಬಂದು ಹಾಕಿ ಹೋಗ್ತಿದ್ರು, ಹುಳಾ ಹುಪ್ಪಡಿ ಒಂದೂ ಉಳೀತಿದ್ದಿಲ್ಲ, ನೀರು ಸಾಫ್!"

ಹೇಳುತ್ತಿದ್ದ ಮಾತಿನ ಅರ್ಥ ಅವಳ ಮುಖದವರೆಗೆ ತಲುಪಿರಲಿಲ್ಲ. ಅವಳ ಮಟ್ಟಿಗೆ ಹುಳ ಬೇರೆ, ಸಂಘಪಾಲನ ನಮ್ಮೂರ ಮಂದಿ ಬೇರೆ. ಎಮಿಲಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಎರಡು ನಿಮಿಷವಾಯಿತು. ಎರಡೂಕಾಲು ಆಯಿತು. ಅಷ್ಟು ಹೊತ್ತು ಅವನು ಎಂದೂ ಉಸಿರು ಹಿಡಿದವನಲ್ಲ.

ಮೇಲೆ ಬಂದವನು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟ. ಕವಚದ ಹಿಂಬದಿಯ ಚಿಕ್ಕ ಪರದೆಯ ಮೇಲೆ ಚಿತ್ರವಿತ್ತು. ಅದಕ್ಕಿಂತ ಚೊಕ್ಕಟವಾದ ಚಿತ್ರವನ್ನು ಯಾವ ಪುಸ್ತಕದಲ್ಲೂ ಅವಳು ಕಂಡಿರಲಿಲ್ಲ: ಮೈಯ ಒಂದೊಂದು ಗೆಣ್ಣು, ಕಾಲಿನ ಒಂದೊಂದು ರೋಮ, ಬಾಲದ ತುದಿಯ ಮುಳ್ಳುಗಳು. ಒಂದು, ಎರಡು, ಮೂರು, ನಾಲ್ಕು, ಐದು. ಜೀವಿ ಪಕ್ಕಕ್ಕೆ ಹೊರಳಿ ಮೆಟ್ಟಿಲಿನ ಮೇಲೆ ಮಲಗಿತ್ತು. ಕಡ್ಡಿಯ ತುದಿಗೆ ಅದು ಬರಬೇಕಾಗಿರಲಿಲ್ಲ. ಇವನೇ ಕಡ್ಡಿಯನ್ನು ಅದರ ಹತ್ತಿರ ಒಯ್ದಿದ್ದ.

"ನಲವತ್ತೊಂದು ಎಣಿಸೀನ್ರಿ. ಬಿರುಕಿನ ಒಳಗ ಎಷ್ಟೋ" ಎಂದ. ಹಲ್ಲು ಕಟಕಟಿಸುತ್ತಿದ್ದವು.

"ಬಂತೇನೋ ಸಂಘೂ?" ಎಂದು ಮೇಲಿನಿಂದ ಶಾಲುಬಾಯಿ ಕೂಗಿದಳು.

ಅವನು ತಲೆಯೆತ್ತಿ ನೋಡಿದ. ಕಟ್ಟೆ ಕಿತ್ತ ಬಾವಿಯ ಅಂಚಿನಲ್ಲಿ, ಅರವತ್ತೆಂಟರ ಆ ಹೆಂಗಸು ಒಂದು ಕೈಯಿಂದ ಇನ್ನೊಂದು ಭುಜ ಒತ್ತಿಕೊಳ್ಳುತ್ತ ನಿಂತಿದ್ದಳು.

"ಬಂತರಿ ಕಾಕಿ. ಬಾಳ ಸಾಫ್ ಬಂದದ. ನಿಮ್ಮಿಂದನ ಬಂತು."

ಆಮೇಲೆ ಎಮಿಲಿಯ ಕಡೆ ಕೈ ಚಾಚಿದ. "ಸೀಸಿ ಕೊಡ್ರಿ ಮೇಡಂ. ಈಗ ತಗೋಬಹುದು." ಅವಳ ಚೀಲದಲ್ಲಿ ಅದು ಇದ್ದೇ ಇರುತ್ತದೆಂದು ಅವನಿಗೆ ಫೆಬ್ರವರಿಯಿಂದಲೂ ಗೊತ್ತಿತ್ತು. ಆರು ಹೆಣಗಳನ್ನು ಹನಿಗೊಳವೆಯಿಂದ ಎತ್ತಿದ. ಪುಡಿಗೆ ಸಿಕ್ಕಿ ಮೆತ್ತಗಾಗಿದ್ದ ಅವುಗಳ ಕಾಲುಗಳು ಎತ್ತುವಾಗಲೇ ಉದುರಿದವು.

ಗೋರಖನಾಥರು ಮಾತಿಗೆ ತಪ್ಪುವವರಲ್ಲ. ಚಿತ್ರ ನೋಡಿ, ಮುಳ್ಳು ಎಣಿಸಿ, ಕಾಗದ ಬರುವ ತನಕ ಯಂತ್ರವನ್ನು ನಿಲ್ಲಿಸಿದರು. ಹದಿನಾರನೆಯ ದಿನ ತಜ್ಞರ ಕಾಗದ ಬಂತು: ಇದುವರೆಗೆ ಯಾರೂ ವರ್ಣಿಸಿರದ ಜೀವಿ, ಕಳಿಸಿದ ಮಾದರಿಗಳು ಕೆಟ್ಟಿವೆಯಾದರೂ ಚಿತ್ರ ನಿಸ್ಸಂದೇಹ, ಬಾವಿಯನ್ನು ಮುಚ್ಚಲೇಬಾರದು, ಬದುಕಿರುವ ಮಾದರಿ ಮುಂದಿನ ಸಲ ಯಾವಾಗ ಸಿಗಬಹುದು. ಆ ಹದಿನಾರು ದಿನವೂ ಸಂಘಪಾಲ ಬಾವಿಗೆ ಇಳಿದಿದ್ದ. ಪುಡಿಯ ವಾಸನೆ ಹೋಗಿ, ನೀರು ಮೊದಲಿನ ರುಚಿಗೆ ಬಂದು, ಪಾಚಿ ಸಹ ಚಿಗುರಿತ್ತು. ಬಿರುಕಿನಿಂದ ಯಾರೂ ಹೊರಬರಲಿಲ್ಲ. ಕಾಗದವನ್ನು ಎಮಿಲಿ ತಾನೇ ಅವನು ಉಳಿದಿದ್ದ ಔರಾದಿಗೆ ಒಯ್ದು ಕೊಟ್ಟಳು. ಅವನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಟ್ಟ.

"ಕಾಕಾಗ ಹೇಳ್ತೇನಿ, ಮಶೀನ್ ಕರೀರಿ ಅಂತ."

"ಯಾಕ?" ಎಮಿಲಿಗೆ ದನಿ ಏರಿತ್ತು. "ಬಂಡಿಗಲ್ಲಿನ ಒಳಗ ಎಷ್ಟು ಉಳದಾವೋ ಯಾರಿಗಿ ಗೊತ್ತು? ಮಳಿ ಆದ ಮ್ಯಾಲ ಬರಬಹುದು, ಎರಡು ವರ್ಷಕ್ಕ ಬರಬಹುದು. ಕಾಗದ ಕೈಯಾಗ ಅದ ಸಂಘಪಾಲ!"

"ಬಾವಿ ಉಳಿಸಿದ್ರ ನೋಡ್ಲಿಕ್ಕ ಮಂದಿ ಬರ್ತಾರ್ರಿ. ಬಂದವರು ಯಾಕ ಒಂದೂ ಇಲ್ಲ ಅಂತ ಕೇಳ್ತಾರ. ಕೇಳಿದ್ರ ಕಾಕಿಗಿ ತಿಳೀತದ." ಕೋಟಿನ ಗುಂಡಿ ಹಾಕಿಕೊಂಡು ಮತ್ತೆ ಹೇಳಿದ: "ಆಕಿ ಭುಜಾ ಇನ್ನಾ ಎತ್ತಲಿಕ್ಕ ಬರಂಗಿಲ್ರಿ."

ಕಾಗದ ಜೇಬಿನಲ್ಲೇ ಉಳಿಯಿತು; ಎರಡೇ ದಿನದಲ್ಲಿ ಬಾವಿ ಮಣ್ಣಿನಿಂದ ತುಂಬಿತು. ಈಗ ಅಲ್ಲಿ ವಾಚನಾಲಯವಿದೆ. ಒಳ್ಳೆಯ ವಾಚನಾಲಯ, ಮಕ್ಕಳು ನಿಜವಾಗಿ ಓದುತ್ತಾರೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಆ ಚಿತ್ರವಿದೆ. ತಾನು ನೀರು ಸಾಫ್ ಮಾಡಿಕೊಟ್ಟಿದ್ದಕ್ಕೇ ಅದು ಅಷ್ಟು ಚೆನ್ನಾಗಿ ಬಂತೆಂದು ಶಾಲುಬಾಯಿ ಬಂದವರಿಗೆಲ್ಲ ಹೇಳುತ್ತಾಳೆ, ಮತ್ತು ಅದು ಅಕ್ಷರಶಃ ನಿಜ. ಸಂಘಪಾಲ ಭಾಲ್ಕಿ, ಔರಾದ ತಾಲೂಕುಗಳ ಮೂವತ್ತೇಳು ಬಾವಿಗಳಲ್ಲಿ ಮುಳುಗಿ ನೋಡಿದ. ಎಲ್ಲಿಯೂ ಇಲ್ಲ. ತಜ್ಞರ ಪ್ರಶ್ನೆಗೆ ಏನು ಬರೆಯಬೇಕೆಂದು ತಿಳಿಯದೆ ಎಮಿಲಿ ಇಂದಿಗೂ ಉತ್ತರ ಬರೆದಿಲ್ಲ. ಕ್ಯಾಮೆರಾ ಅನುಗ್ರಹಳ ಕಪಾಟಿಗೆ ಮರಳಿದೆ.

ಯಾವ ಜೀವಕ್ಕೂ ನೋವಾಗದ ದಾರಿಯೊಂದು ಎಲ್ಲೋ ಇದ್ದೇ ಇದೆ, ತಾಳ್ಮೆಯಿದ್ದರೆ ಅದು ಸಿಕ್ಕೇ ಸಿಗುತ್ತದೆ ಎಂದು ನಂಬಿದವರು ನಮ್ಮ ನಡುವೆ ಅಲ್ಲಲ್ಲಿ ಇರುತ್ತಾರೆ. ಅವರ ತಾಳ್ಮೆಯಲ್ಲಿ ಕೊರತೆಯಿಲ್ಲ, ಎಣಿಕೆಯಲ್ಲಿ ತಪ್ಪಿಲ್ಲ. ಕಾಲವೊಂದೇ ಅವರ ಕೈಯಲ್ಲಿಲ್ಲ. ಒಂದನ್ನು ಕೊಲ್ಲಲಾರದ ಅವರ ಕಣ್ಣೆದುರಿಗೇ ಕುಲವೆಲ್ಲ ಅಳಿಯುತ್ತದೆ, ಅದೂ ಅವರನ್ನು ಪ್ರೀತಿಸುವವರ ಕೈಯಿಂದ. ಆಗ ಆ ಪ್ರೀತಿಗೂ ಗಾಯವಾಗಬಾರದೆಂದು ಉಳಿದದ್ದರ ಮೇಲೆ ತಾವೇ ಮಣ್ಣೆಳೆಯುತ್ತಾರೆ. ಅವರ ಹತ್ತಿರ ನಿಂತು ಕೈ ಹಿಂದೆಗೆದುಕೊಂಡವರು, ಅದು ಅವರ ಮೇಲಿನ ಗೌರವವೋ ತಮ್ಮ ಹೇಡಿತನವೋ ಎಂದು ಕೊನೆಯವರೆಗೂ ಕೇಳಿಕೊಳ್ಳುತ್ತಿರಬೇಕು. ಆ ತಾಳ್ಮೆಯವರನ್ನು ಲೋಕ ಒಳ್ಳೆಯವರೆನ್ನುತ್ತದೆ. ಒಳ್ಳೆಯವರೇ, ಸಂದೇಹವಿಲ್ಲ. ಅವರ ಒಳ್ಳೆಯತನದ ಅಡಿಯಲ್ಲಿ, ಬಂಡೆಯ ಒಳಗಿನ ಕತ್ತಲೆಯಲ್ಲಿ, ಮುಚ್ಚಿದ ದಿನ ಇನ್ನೂ ಎಷ್ಟು ಜೀವವಿತ್ತೆಂಬುದು ಮಾತ್ರ ಅವರಿಗೂ ತಿಳಿಯದು, ನಮಗೂ ತಿಳಿಯದು.